ಹೆರಿಗೆ ಎಲ್ಲಿ ಆಗಬೇಕು?

ಕಳೆದ ಮಳೆಗಾಲ ಮುಗಿಯುತ್ತ ಬಂದಾಗ ನಾವು ಕುಡಚಡೆಗೆ ಹೋಗಿದ್ದೆವು. ಮೂರು ತಲೆಮಾರಿನ ಹಿಂದೆ ಬೆಳಗಾವಿ ಸೀಮೆಯಿಂದ ಘಟ್ಟ ಇಳಿದು ಬಂದು ಅರಿವೆ ವ್ಯಾಪಾರ ಹಿಡಿದ ನಮ್ಮ ಸಮಾಜದ ಮನೆ ಅದು. ಕೆಳಗೆ ಅಂಗಡಿ, ಮೇಲೆ ಮನೆ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಮಾತಿಗೆ ಕುಳಿತೆವು. ಕಿರಿಯ ಸೊಸೆಗೆ ಏಳು ತಿಂಗಳು, ಚೊಚ್ಚಲು. ಕುಬಸದ ಮಾತು ಬಂತು, ಅದರ ಬೆನ್ನಿಗೇ ಹೆರಿಗೆ ಎಲ್ಲಿ ಎಂಬ ಮಾತೂ ಬಂತು.

ಮಾವನವರು ಸುಲಭವಾಗಿ ತೀರ್ಮಾನ ಹೇಳಿದರು. “ಚೊಚ್ಚಲ ಹೆರಿಗಿ ತವರಾಗ ಆಗೂದು ನಮ್ಮ ರೂಢಿ. ಚಿಕ್ಕೋಡಿಗೆ ಕಳಸತೀವಿ.” ಮಗ ಅಂಗಡಿಯ ಬೀಗ ಹಾಕಿ ಆಗಷ್ಟೇ ಮೇಲೆ ಬಂದಿದ್ದರು. “ಮಡಗಾಂವದಾಗ ಒಳ್ಳೆ ದವಾಖಾನಿ ಅದಾವು. ಒಂದು ಚಲೋ ಮುಹೂರ್ತ ನೋಡಿ ಸಿಝೇರಿಯನ್ ಮಾಡಿಸಿಬಿಟ್ರ ಆತು” ಎಂದರು. ಅತ್ತೆಯವರು ನಕ್ಕರು. “ನನ್ನ ಮೂರೂ ಮಕ್ಕಳು ಇದೇ ಮನ್ಯಾಗ ಹುಟ್ಟ್ಯಾವ. ಸೂಲಗಿತ್ತಿ ಬಂದಿದ್ಲು, ಅಷ್ಟ.”

ಸೊಸೆ ಅಲ್ಲಿಯವರೆಗೆ ಸುಮ್ಮನಿದ್ದಳು. ಆಮೇಲೆ ನಮ್ಮ ಕಡೆ ತಿರುಗಿ ಮೆಲ್ಲಗೆ ಕೇಳಿದಳು. ದೊಡ್ಡ ಊರುಗಳಲ್ಲಿ ಈಗ ಬರ್ಥಿಂಗ್ ಸೆಂಟರ್ ಎಂದು ಇವೆಯಂತೆ, ಮೊಬೈಲಿನಲ್ಲಿ ನೋಡಿದ್ದೇನೆ. ಅಲ್ಲಿ ಅವಸರ ಮಾಡುವುದಿಲ್ಲವಂತೆ, ಸುಮ್ಮನೆ ಹೊಟ್ಟೆ ಕೊಯ್ಯುವುದಿಲ್ಲವಂತೆ, ನಮ್ಮವರು ಜೊತೆಗಿರಬಹುದಂತೆ. “ನನಗ ದವಾಖಾನಿ ಅಂದ್ರ ಅಂಜಿಕಿ ಆಗತೈತ್ರಿ. ಮನ್ಯಾಗ ಆದ್ರ ತಪ್ಪೇನ್ರಿ?”

ಹೆರಬೇಕಾದವಳು ಅವಳು. ಅವಳ ಅಭಿಪ್ರಾಯವನ್ನು ಕೊನೆಗೆ, ಅದೂ ಅವಳೇ ಬಾಯಿ ಬಿಟ್ಟ ಮೇಲೆ ಕೇಳಿದೆವು. ನಮ್ಮ ಅನೇಕ ಮನೆಗಳಲ್ಲಿ ಹೀಗೇ ನಡೆಯುತ್ತದೆ. ಅವಳಿಗೆ ಅಂದು ಹೇಳಿದ್ದನ್ನೂ, ಊರಿಗೆ ಮರಳಿದ ಮೇಲೆ ಓದಿ ತಿಳಿದುಕೊಂಡು ಪತ್ರ ಬರೆದು ತಿಳಿಸಿದ್ದನ್ನೂ ಸೇರಿಸಿ ಈ ತಿಂಗಳು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಸೂಲಗಿತ್ತಿಯರ ಮಾತು. ಅವರನ್ನು ಹಗುರವಾಗಿ ಕಾಣುವುದು ನಮಗೆ ಒಪ್ಪಿಗೆಯಿಲ್ಲ. ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಹಣಕ್ಕೆ ಕೈ ಚಾಚದೆ ಬಡವರ ಗುಡಿಸಲುಗಳಿಗೆ ಹೋದವರು. ಅಂಥವರ ಕೈಗುಣ, ತಾಳ್ಮೆ, ಬೆನ್ನು ನೀವುತ್ತ ಆಡುವ ಧೈರ್ಯದ ಮಾತು ಇವತ್ತಿನ ಎಷ್ಟೋ ಹೆರಿಗೆ ಕೋಣೆಗಳಲ್ಲಿ ಇಲ್ಲ. ಸೊಸೆ ಹುಡುಕುತ್ತಿದ್ದುದೂ ಅದನ್ನೇ.

ಆದರೆ ಎಷ್ಟು ಒಳ್ಳೆಯ ಕೈಯಾದರೂ ಬರಿಗೈ ನಿಲ್ಲಿಸಲಾರದ ಒಂದು ಸಂಗತಿ ಇದೆ: ಹೆರಿಗೆಯಾದ ಮೇಲಿನ ರಕ್ತಸ್ರಾವ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿ ಬಿಗಿದಂತೆ ಬಿಗಿದುಕೊಂಡರೆ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಬಿಗಿಯದೆ ಸಡಿಲ ಉಳಿದರೆ ಹೊತ್ತು ಕಳೆದಂತೆ ತಾಯಿ ಕೈ ಬಿಟ್ಟು ಹೋಗುತ್ತಾಳೆ. ಕೂಸು ಚೆನ್ನಾಗಿ ಅತ್ತಿದೆ, ಮನೆಯವರೆಲ್ಲ ಅದರ ಮುಖ ನೋಡುತ್ತಿದ್ದಾರೆ, ಇತ್ತ ಚಾಪೆ ನೆನೆಯುತ್ತಿರುತ್ತದೆ.

ಇದರ ಬಗ್ಗೆ ಜಗತ್ತಿಗೇ ದಾರಿ ತೋರಿದ ಅಧ್ಯಯನ ಆಗಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ಎಂಬುದು ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತು? ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ವೈದ್ಯರು ಅಮೇರಿಕದ ವೈದ್ಯರೊಡನೆ ಸೇರಿ 2002ರಿಂದ 2005ರವರೆಗೆ ಇದನ್ನು ನಡೆಸಿದರು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ, ನರ್ಸಮ್ಮನವರ ಕೈಯಲ್ಲಿ ಹೆತ್ತ 1,620 ತಾಯಂದಿರು ಅದರಲ್ಲಿದ್ದರು. ಅರ್ಧದಷ್ಟು ಜನರಿಗೆ ಕೂಸು ಹೊರಬಂದ ಕೂಡಲೆ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ತೋರಿಕೆಯ ಗುಳಿಗೆ ಕೊಟ್ಟರು. ಗುಳಿಗೆ ಪಡೆದವರಲ್ಲಿ ನೂರಕ್ಕೆ 6.4 ಜನರಿಗೆ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋಯಿತು, ಪಡೆಯದವರಲ್ಲಿ 12 ಜನರಿಗೆ. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಗುಳಿಗೆಯ ಗುಣ ಒಂದು ಕಡೆ ಇರಲಿ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಬೇರೆ. ತೊಂದರೆ ಆಗಬಹುದೆಂಬ ಲಕ್ಷಣ ಕಂಡವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಸರಳ ಹೆರಿಗೆ ಎಂದು ಲೆಕ್ಕ ಹಾಕಿದ್ದ ತಾಯಂದಿರಲ್ಲೇ ಎಂಟು ಜನರಲ್ಲಿ ಒಬ್ಬರಿಗೆ ಹೀಗಾಯಿತು. ಯಾರಿಗೆ ಆಗುತ್ತದೆಂದು ಮುಂಚೆ ಹೇಳಲು ಬರುವುದಿಲ್ಲ. ಆಸ್ಪತ್ರೆಯಲ್ಲಿ ಕೊಡುವ ಆಕ್ಸಿಟೋಸಿನ್ ಸೂಜಿಮದ್ದನ್ನು ತಂಪಿನಲ್ಲೇ ಇಡಬೇಕು. ಅದಕ್ಕೂ ಜಗ್ಗದಿದ್ದರೆ ರಕ್ತ ಬೇಕು, ಕೆಲವೊಮ್ಮೆ ಶಸ್ತ್ರಕ್ರಿಯೆ ಬೇಕು. ಅದರ ಮೇಲೆ ನಮ್ಮ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ರಕ್ತಹೀನತೆ. ನಮ್ಮ ಮನೆಯ ಹೆಣ್ಣುಮಕ್ಕಳು ಬಸುರಿನಲ್ಲೂ ಉಪವಾಸ ಬಿಡಲು ಹಿಂಜರಿಯುತ್ತಾರೆ, ಕಬ್ಬಿಣದ ಗುಳಿಗೆ ಕಪಾಟಿನಲ್ಲೇ ಉಳಿದಿರುತ್ತದೆ. ರಕ್ತ ಕಡಿಮೆ ಇದ್ದವಳಿಗೆ ಸ್ವಲ್ಪ ಹೋದರೂ ಬಹಳ ಹೋದಂತೆ.

ಇಷ್ಟು ಹೇಳುವಾಗ ಅತ್ತೆಯವರು ಎದ್ದು ಒಳಗೆ ಹೋದರು. ನಾವು ಮಲಗಲು ಹೋಗುವ ಮುನ್ನ ಬಂದು ಬಾಗಿಲ ಬಳಿ ನಿಂತು, “ಮೂರಲ್ರಿ, ನಾಕು” ಎಂದರು. ಮೊದಲನೆಯದು ಗಂಡು ಕೂಸು. ಒಂದು ಹಗಲು ಎರಡು ರಾತ್ರಿ ನೋವು ತಿಂದ ಮೇಲೆ ಹುಟ್ಟಿತಂತೆ. “ಅಳಲೇ ಇಲ್ಲ. ಪಾಪ, ಸೂಲಗಿತ್ತಿ ಬೆನ್ನು ತಟ್ಟಿದ್ಲು, ನೀರು ಸಿಂಪಡಿಸಿದ್ಲು. ಆಕಿದೇನೂ ತಪ್ಪಿಲ್ರಿ.” ಐವತ್ತು ವರ್ಷ ಆ ಮನೆಯಲ್ಲಿ ಯಾರೂ ಆ ಕೂಸನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಜಮಾ ಬದಿ ಮಾತ್ರ ಓದಿ ಖರ್ಚಿನ ಬದಿ ಬಿಟ್ಟರೆ ಅಂಗಡಿಯ ಲೆಕ್ಕ ಎಷ್ಟು ದಿನ ನಿಂತೀತು? ಹಿಂದೆ ಎಲ್ಲವೂ ಮನೆಯಲ್ಲೇ ಆಗುತ್ತಿತ್ತು, ಏನೂ ಆಗುತ್ತಿರಲಿಲ್ಲ ಎನ್ನುವ ಮನೆಗಳಲ್ಲಿ ಹಿರಿಯ ಹೆಂಗಸರನ್ನು ಒಮ್ಮೆ ಒಬ್ಬರೇ ಇರುವಾಗ ಕೇಳಿ ನೋಡಿ.

ಹಾಗಾದರೆ ಹೊರದೇಶಗಳಲ್ಲಿ ಓದಿದವರೇ ಮನೆಯಲ್ಲಿ ಹೆರುತ್ತಾರಲ್ಲ ಎಂದು ಸೊಸೆ ಕೇಳಿದಳು. ನಿಜ. ಇಂಗ್ಲೆಂಡಿನಲ್ಲಿ 64,000ಕ್ಕೂ ಹೆಚ್ಚು ಸರಳ ಬಸುರಿನ ತಾಯಂದಿರನ್ನು ನೋಡಿದ ದೊಡ್ಡ ಅಧ್ಯಯನ 2011ರಲ್ಲಿ ಹೊರಬಂತು. ಎರಡನೆಯ, ಮೂರನೆಯ ಹೆರಿಗೆಯವರಿಗೆ ಮನೆ, ಕೇಂದ್ರ, ಆಸ್ಪತ್ರೆ ಇವುಗಳಲ್ಲಿ ಕೂಸಿನ ಕ್ಷೇಮದ ದೃಷ್ಟಿಯಿಂದ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲಿನವರಲ್ಲಿ ಮಾತ್ರ ಕಂಡಿತು: ಆಸ್ಪತ್ರೆ ಆರಿಸಿಕೊಂಡವರಲ್ಲಿ ಸಾವಿರಕ್ಕೆ 5.3 ಕೂಸುಗಳಿಗೆ ಗಂಭೀರ ತೊಂದರೆ, ಮನೆ ಆರಿಸಿಕೊಂಡವರಲ್ಲಿ 9.3. ಮನೆಯಲ್ಲೇ ಹೆರುತ್ತೇವೆಂದು ಹೊರಟ ಚೊಚ್ಚಲಿನವರಲ್ಲಿ ನೂರಕ್ಕೆ 45 ಜನರನ್ನು ಕೊನೆಗೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅಲ್ಲಿ ಮನೆಗೆ ಬರುವವಳು ವರ್ಷಗಟ್ಟಲೆ ಓದಿ ಪರವಾನಗಿ ಪಡೆದ ಮಿಡ್‌ವೈಫ್. ಔಷಧದ ಪೆಟ್ಟಿಗೆ ಅವಳ ಕೈಯಲ್ಲಿರುತ್ತದೆ, ಅವಳ ಬೆನ್ನಿಗೆ ಆಸ್ಪತ್ರೆ ಇರುತ್ತದೆ. ಕುಡಚಡೆಯಲ್ಲಿ ಮಹಡಿಯ ಮೇಲಿನ ಕೋಣೆಯನ್ನು ತೊಳೆದು ಸಿದ್ಧ ಮಾಡಿಕೊಂಡ ಮಾತ್ರಕ್ಕೆ ಅದು ಬರುವುದಿಲ್ಲ.

ಬರ್ಥಿಂಗ್ ಸೆಂಟರಿನ ವಿಚಾರ ಅದೇ ಅಧ್ಯಯನದಲ್ಲಿ ಆಶಾದಾಯಕವಾಗಿದೆ. ಮಿಡ್‌ವೈಫ್‌ಗಳು ನಡೆಸುವ ಕೇಂದ್ರಗಳಲ್ಲಿ ಕೂಸುಗಳಿಗೆ ಹೆಚ್ಚಿನ ಅಪಾಯ ಕಾಣಲಿಲ್ಲ, ತಾಯಂದಿರಿಗೆ ಕತ್ತರಿ, ಶಸ್ತ್ರಕ್ರಿಯೆ ಕಡಿಮೆಯಾದವು. ನಮ್ಮ ದೇಶದಲ್ಲಿ ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆ 2011ರಿಂದ ಇಂಥ ಮಿಡ್‌ವೈಫ್‌ಗಳನ್ನು ತಯಾರು ಮಾಡುತ್ತ ಬಂದಿದೆ. 2018ರಲ್ಲಿ ಕೇಂದ್ರ ಸರಕಾರವೂ ದೊಡ್ಡ ಆಸ್ಪತ್ರೆಗಳ ಆವರಣದಲ್ಲೇ ಮಿಡ್‌ವೈಫ್‌ಗಳ ವಿಭಾಗ ತೆರೆಯುವ ಮಾರ್ಗಸೂಚಿ ಹೊರಡಿಸಿತು. ಆವರಣದಲ್ಲೇ ಎಂಬ ಮಾತನ್ನು ಗಮನಿಸಿ. ಒಂದು ಕಡೆ ಸಹನೆಯ ಕೈ, ಗೋಡೆಯಾಚೆ ಆಪರೇಷನ್ ಥಿಯೇಟರು. ಹೆಸರು ಮಾತ್ರ ಚಂದವಿದ್ದು, ಗೋಡೆಯಾಚೆ ಏನೂ ಇಲ್ಲದ ಕಡೆ ಹೋಗುವುದು ಮನೆಯಲ್ಲಿ ಹೆತ್ತಂತೆಯೇ, ಮೇಲೆ ಬಿಲ್ಲು ಬೇರೆ.

ಇನ್ನು ಮಗನ ಮುಹೂರ್ತದ ಮಾತು. ಇದನ್ನು ಸ್ವಲ್ಪ ಖಾರವಾಗಿಯೇ ಹೇಳಿದೆವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಗೋವಾದಲ್ಲಿ ಹೆಚ್ಚುಕಡಿಮೆ ಎಲ್ಲ ಹೆರಿಗೆಗಳೂ ಆಸ್ಪತ್ರೆಯಲ್ಲೇ ಆಗುತ್ತವೆ, ನೂರಕ್ಕೆ 39.5 ಸಿಝೇರಿಯನ್. ಇಡೀ ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಇದು 47, ಸರಕಾರಿ ಆಸ್ಪತ್ರೆಗಳಲ್ಲಿ 14. ಹೆಣ್ಣುಮಕ್ಕಳ ಮೈ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ ಕೂಡಲೆ ಬದಲಾಗುತ್ತದೆಯೆ? ಬೇಕಾದಾಗ ಸಿಝೇರಿಯನ್ ಪ್ರಾಣ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 39 ವಾರ ತುಂಬುವ ಮೊದಲು ನಕ್ಷತ್ರ ನೋಡಿ ತೆಗೆದ ಕೂಸಿಗೆ ಉಸಿರಾಟದ ತೊಂದರೆ ಹೆಚ್ಚು. ತಾಯಿಗೆ ಮುಂದಿನ ಬಸುರಿನಲ್ಲಿ ಹಳೆಯ ಗಾಯದ ಮೇಲೇ ಮಾಸು ಕಚ್ಚಿಕೊಳ್ಳುವ ಭಯ. ಅಂಗಡಿ ಪೂಜೆಯ ಮುಹೂರ್ತ ನಮ್ಮ ಕೈಯಲ್ಲಿದೆ. ಹುಟ್ಟಿನ ಮುಹೂರ್ತವನ್ನು ಕೂಸಿಗೇ ಬಿಡೋಣ.

ತವರಿಗೆ ಕಳಿಸುವುದು ತಪ್ಪೆ? ಅಲ್ಲವೇ ಅಲ್ಲ. ತಾಯಿಯ ಕೈಯ ಬಾಣಂತನಕ್ಕೆ ಸಮ ಯಾವುದಿದೆ? ಕಳಿಸುವುದಾದರೆ ಎಂಟು ತುಂಬುವ ಮೊದಲೇ, ವೈದ್ಯರ ಒಪ್ಪಿಗೆ ಪಡೆದು, ಎಲ್ಲ ಕಾಗದಪತ್ರ ಜೊತೆಗಿಟ್ಟು ಕಳಿಸಬೇಕು. ನೋವು ಶುರುವಾದ ಮೇಲೆ ಅನಮೋಡ ಘಾಟು ಹತ್ತಿಸುವ ಸಾಹಸ ಬೇಡ. ಮಳೆಯಲ್ಲಿ ಆ ರಸ್ತೆಯ ಪಾಡು ಕುಡಚಡೆಯವರಿಗೆ ನಾವು ಹೇಳಬೇಕಿಲ್ಲ. ತವರಿನಲ್ಲೂ ಕೇಳಬೇಕಾದ ಪ್ರಶ್ನೆ ಅದೇ: ರಾತ್ರಿ ಎರಡು ಗಂಟೆಗೆ ಬೇಕಾದರೆ ಅರಿವಳಿಕೆ ಕೊಡುವ ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ? ರಕ್ತ ಎಲ್ಲಿಂದ ಬರುತ್ತದೆ? ಕೂಸಿನ ಡಾಕ್ಟರು ಯಾರು? ಸರಕು ಕೊಳ್ಳುವಾಗ ಹತ್ತು ಸಲ ಕೇಳುವ ನಾವು ಆಸ್ಪತ್ರೆಯಲ್ಲಿ ಇದನ್ನು ಕೇಳಲು ಸಂಕೋಚಪಡುತ್ತೇವೆ.

ಕುಡಚಡೆಯಿಂದ ಮಡಗಾಂವದ ಜಿಲ್ಲಾ ಆಸ್ಪತ್ರೆ ಹತ್ತಿರ, ಇನ್ನೂ ದೊಡ್ಡ ತೊಂದರೆಗೆ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು. 108ರ ಗಾಡಿ 2008ರಿಂದ ಇದೆ. 2011ರಿಂದ ಸರಕಾರಿ ಆಸ್ಪತ್ರೆಯಲ್ಲಿ ಸಿಝೇರಿಯನ್ ಸಹಿತ ಹೆರಿಗೆಗೆ ಹಣ ಕೊಡಬೇಕಿಲ್ಲ. 2016ರಲ್ಲಿ ಕೇಂದ್ರ ಸರಕಾರ ಸರಕಾರಿ ಹೆರಿಗೆ ಕೋಣೆಗಳಲ್ಲಿ ತಾಯಿಯ ಜೊತೆ ಒಬ್ಬ ಹೆಣ್ಣುಮಗಳು ಇರಬಹುದೆಂದು ಹೇಳಿದೆ. ಖಾಸಗಿಯಲ್ಲಾದರೆ ಮೊದಲೇ ಕೇಳಿ ಒಪ್ಪಿಸಿಕೊಳ್ಳಿ. ಸರಳ ಹೆರಿಗೆಯಲ್ಲಿ ನೋವಿನ ನಡುವೆ ಓಡಾಡಬಹುದು, ತನಗೆ ಹಿತವಾದ ಭಂಗಿಯಲ್ಲಿ ಹೆರಬಹುದು, ಗಂಜಿ ನೀರು ಕುಡಿಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಸಲಹೆ ಕೊಟ್ಟಿದೆ. ಸೊಸೆ ಕೇಳಿದ್ದರಲ್ಲಿ ಬಹುಪಾಲು ಹೀಗೆ ಆಸ್ಪತ್ರೆಯಲ್ಲೇ ಕೇಳಿ ಪಡೆಯಬಹುದಾದದ್ದು.

ಊಟದ ಚಿಂತೆ ನಮ್ಮವರಿಗೆ ದೊಡ್ಡದು. ಡಬ್ಬಿ ಮನೆಯಿಂದ ಹೋಗಲಿ, ಸೋಸಿ ಕಾಯಿಸಿದ ನೀರೂ ಹೋಗಲಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ರಾತ್ರಿಯಿಡೀ ನೋವು ತಿನ್ನುವವಳಿಗೆ ಹೊತ್ತು ಮುಳುಗಿತೆಂದು ನೀರು ತಡೆಯಬೇಡಿ. ಸೂತಕದ ಆಚರಣೆ ಮನೆಗೆ ಬಂದ ಮೇಲೂ ಆಗುತ್ತದೆ. ಇನ್ನೊಂದು ಸಣ್ಣ ಮಾತು: ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಜನನ ಪ್ರಮಾಣಪತ್ರವೇ ಮುಖ್ಯ ದಾಖಲೆ.

ಕೊನೆಗೆ ಅವರು ಮಡಗಾಂವವನ್ನೇ ಆರಿಸಿಕೊಂಡರು. ಮುಹೂರ್ತದ ಮಾತು ಬಿಟ್ಟರು. ಸೊಸೆಯ ತಾಯಿಯೇ ಚಿಕ್ಕೋಡಿಯಿಂದ ಬಾಣಂತನಕ್ಕೆ ಇಳಿದು ಬಂದರು. ಹೆರಿಗೆ ಕೋಣೆಯಲ್ಲಿ ಜೊತೆಗೆ ಯಾರಿರಬೇಕೆಂದು ಕೇಳಿದಾಗ ಸೊಸೆ ಅತ್ತೆಯವರ ಹೆಸರು ಹೇಳಿದಳಂತೆ.

ಹೋದ ತಿಂಗಳು ಅತ್ತೆಯವರೇ ಫೋನು ಮಾಡಿದರು. ಹದಿನಾಲ್ಕು ತಾಸು ನೋವು, ಬೆಳಗಿನ ಜಾವ ಹೆಣ್ಣು ಕೂಸು, ಹೊಟ್ಟೆ ಕೊಯ್ಯಲಿಲ್ಲ. ಹುಟ್ಟಿದಾಗ ಕೂಸು ಅಳಲಿಲ್ಲವಂತೆ. ನರ್ಸಮ್ಮ ಅದನ್ನು ಬಿಸಿ ದೀಪದ ಕೆಳಗೆ ಮಲಗಿಸಿ, ಮೈ ಒರೆಸಿ, ಮೂಗು ಬಾಯಿಗೆ ಸಣ್ಣ ಮುಖವಾಡ ಹಿಡಿದು ರಬ್ಬರಿನ ಚೀಲ ಒತ್ತಿದಳಂತೆ. “ಒಂದ ನಿಮಿಷಾನೂ ಆಗಲಿಲ್ರಿ, ಅತ್ತಳು. ಅಷ್ಟ ಬೇಕಾಗಿತ್ತು ನೋಡ್ರಿ, ಒಂದು ಚೀಲ” ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, ನಲವತ್ತೈದು ದಿನ ತುಂಬಿದ ಮೇಲೆ ಕೂಸನ್ನು ಊರಿನ ಬಸದಿಗೆ ಕರೆತರುತ್ತೇವೆ, ನೀವೂ ಬರಬೇಕು ಎಂದರು.