ಕತ್ತಲಲ್ಲಿ ಬಿಟ್ಟರೆ ಸಾಲದು
ಹೊಸ ಮರಿಗಳನ್ನು ರಾತ್ರಿ ಗೂಡಿಗೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹಳೆಯ ಕೋಳಿಗಳು ಒಪ್ಪಿಕೊಂಡುಬಿಡುತ್ತವೆ ಎಂದು ಹಿತ್ತಲಲ್ಲಿ ಕೋಳಿ ಸಾಕುವ ಅನೇಕರು ನಂಬಿದ್ದಾರೆ. ಇದು ಅರ್ಧ ಸತ್ಯ. ಕೋಳಿಗಳು ಒಂದನ್ನೊಂದು ಗುರುತಿಸಬಲ್ಲವು. ಬೆಳಕು ಹರಿದೊಡನೆ ಹೊಸಬರು ಯಾರೆಂದು ತಿಳಿಯುತ್ತದೆ. ಯಾರು ಯಾರನ್ನು ಕುಕ್ಕಬಹುದು ಎಂಬ ಅವುಗಳ ಶ್ರೇಣಿಯನ್ನು ನಾರ್ವೆಯ ಶೆಲ್ಡೆರುಪ್-ಎಬ್ಬೆ 1920ರ ದಶಕದಲ್ಲೇ ವಿವರಿಸಿದ್ದರು.

ಹೇಟೆಯ ರೆಕ್ಕೆಯಡಿ ಬೆಳೆದ ಮರಿಗೆ ತಾಯಿಯೇ ಕಾವಲು. ಪೇಟೆಯಿಂದ ತಂದ ಗಿರಿರಾಜ ಮರಿಗೆ ಆ ಕಾವಲಿಲ್ಲ. ಗರಿ ಬಲಿಯುವ ತನಕ, ಅಂದರೆ ಸುಮಾರು 6 ವಾರ, ಅದನ್ನು ಬೇರೆಯೇ ಇಡಬೇಕು. ಆಮೇಲೆ ಒಂದೆರಡು ವಾರ ನಡುವೆ ಜಾಲರಿ ಕಟ್ಟಿ, ಎರಡೂ ಗುಂಪು ನೋಡುತ್ತ ಪಳಗಲು ಬಿಡಬೇಕು. ಒಂಟಿ ಮರಿಯನ್ನು ಸೇರಿಸಲೇಬಾರದು. ಕಾಳು, ನೀರು ಎರಡು ಕಡೆ ಇರಲಿ. ಓಡಿ ಅಡಗಲು ಮರೆಯೂ ಇರಲಿ.

ಕುಕ್ಕುವುದು ಕೋಳಿಯ ಸ್ವಭಾವ. ಮರಿ ಸತ್ತರೆ ಹೊಣೆ ಆತುರಪಟ್ಟ ಮನುಷ್ಯನದು.