ಅಶ್ವಾರೋಹಣ ಕ್ರೀಡಾ ತರಬೇತಿಯಲ್ಲಿ ಪದವಿ: ಮುಂಬಯಿ ವಿಶ್ವವಿದ್ಯಾಲಯಕ್ಕೆ ಚೆಂಬೂರು ಕನ್ನಡಿಗರ ಮನವಿ ಪತ್ರ

ಇವರಿಗೆ,
ಮಾನ್ಯ ಕುಲಪತಿಗಳು ಮತ್ತು ವಿದ್ಯಾವಿಷಯಕ ಪರಿಷತ್ತಿನ ಸದಸ್ಯರು,
ಮುಂಬಯಿ ವಿಶ್ವವಿದ್ಯಾಲಯ, ಫೋರ್ಟ್, ಮುಂಬಯಿ.

ಇವರಿಂದ,
ಚೆಂಬೂರು, ಘಾಟ್ಲಾ, ತಿಲಕ್ ನಗರ ಮತ್ತು ದೇವನಾರ್ ಪರಿಸರದ ಕನ್ನಡಿಗ ವಿದ್ಯಾರ್ಥಿಗಳು ಹಾಗೂ ಪೋಷಕರು.

ವಿಷಯ: ಅಶ್ವಾರೋಹಣ ಕ್ರೀಡಾ ತರಬೇತಿಯಲ್ಲಿ ಪದವಿ ವ್ಯಾಸಂಗ ಆರಂಭಿಸುವ ಬಗ್ಗೆ.

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾವು ಚೆಂಬೂರು ಮತ್ತು ಅದರ ಸುತ್ತಮುತ್ತ ನೆಲೆಸಿರುವ ಕನ್ನಡಿಗ ಕುಟುಂಬಗಳವರು. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರು, ರಸಗೊಬ್ಬರ ಕಾರ್ಖಾನೆಯಿಂದಲೂ ಮಾಹುಲಿನ ತೈಲ ಶುದ್ಧೀಕರಣ ಘಟಕಗಳಿಂದಲೂ ನಿವೃತ್ತರಾದವರು, ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳು ನಮ್ಮಲ್ಲಿದ್ದಾರೆ. ಕುದುರೆಯ ಮಾಲಕರು ಒಬ್ಬರೂ ಇಲ್ಲ. ಕುದುರೆ ಸಾಕುವ ಶಕ್ತಿಯಿಲ್ಲದ ಮನೆಯ ಮಗನೋ ಮಗಳೋ ಅಶ್ವಾರೋಹಣದ ತರಬೇತುದಾರರಾಗಿ ಬದುಕು ಕಟ್ಟಿಕೊಳ್ಳುವಂಥ ಪದವಿಯೊಂದನ್ನು ವಿಶ್ವವಿದ್ಯಾಲಯ ಆರಂಭಿಸಬೇಕೆಂಬುದು ನಮ್ಮ ಕೋರಿಕೆ. ಕುದುರೆ ಕಂಡ ಕೂಡಲೇ ಕಾಲುನೋವು ಬಂದವರ ಮಾತು ಇದಲ್ಲ. ನಮ್ಮ ಮಕ್ಕಳಿಗೆ ಬೇಕಾಗಿರುವುದು ಒಂದು ಕಸುಬು.

1. ಕ್ರೀಡೆ ಬೆಳೆದಿದೆ, ಕಲಿಸುವವರು ಬೆಳೆದಿಲ್ಲ

1982ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ರಘುಬೀರ್ ಸಿಂಗ್ ಮೂರು ಹಂತದ ಸವಾರಿ ಸ್ಪರ್ಧೆಯಾದ ಇವೆಂಟಿಂಗ್‌ನಲ್ಲಿ ಚಿನ್ನ ಗೆದ್ದಾಗ ಈ ಕ್ರೀಡೆ ಬಹುಮಟ್ಟಿಗೆ ಸೇನೆಯ ಕೈಯಲ್ಲಿತ್ತು. 2018ರ ಜಕಾರ್ತಾ ಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ವೈಯಕ್ತಿಕ ಹಾಗೂ ತಂಡ ವಿಭಾಗಗಳೆರಡರಲ್ಲೂ ಬೆಳ್ಳಿ ಪಡೆದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅವರು ಫೈನಲ್ ತಲುಪಿ 23ನೆಯ ಸ್ಥಾನ ಗಳಿಸಿದರು. 2000ದ ಸಿಡ್ನಿ ಕೂಟದ ಬಳಿಕ ಒಲಿಂಪಿಕ್ಸ್‌ನ ಅಶ್ವಾರೋಹಣ ಕಣಕ್ಕಿಳಿದ ಮೊದಲ ಭಾರತೀಯ ಅವರೇ. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಮುಂಬಯಿಯ ಹೃದಯ್ ಛೇಡಾ, ಅನುಷ್ ಅಗರ್ವಾಲಾ ಅವರ ತಂಡ ಕುದುರೆಯ ಶಿಸ್ತಿನ ನಡೆಯನ್ನು ಅಳೆಯುವ ಡ್ರೆಸ್ಸಾಜ್‌ನಲ್ಲಿ ಚಿನ್ನ ಗೆದ್ದಿತು. 41 ವರ್ಷಗಳ ಬಳಿಕ ಅಶ್ವಾರೋಹಣದಲ್ಲಿ ದೇಶಕ್ಕೆ ಬಂದ ಚಿನ್ನ ಅದು. ಅನುಷ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೂ ಹೋದರು.

ಈ ಹೊಸ ತಲೆಮಾರಿನ ಸವಾರರು ಪಳಗಿದ್ದು ಯೂರೋಪಿನಲ್ಲಿ. ಫವಾದ್ ಜರ್ಮನಿಯ ಸಾಂಡ್ರಾ ಔಫಾರ್ಟ್ ಅವರ ಬಳಿ ಕಲಿತರು, ಅನುಷ್ ಅದೇ ದೇಶದ ಹ್ಯೂಬರ್ಟಸ್ ಶ್ಮಿಟ್ ಅವರ ಬಳಿ. ಪದಕ ಗೆಲ್ಲಬಲ್ಲ ಮಕ್ಕಳು ಇಲ್ಲಿದ್ದಾರೆ, ಅವರನ್ನು ಕೊನೆಯ ಹಂತದವರೆಗೆ ಒಯ್ಯುವ ಗುರುಗಳು ಹೊರಗಿದ್ದಾರೆ. ಹೊರದೇಶದಲ್ಲಿ ವರ್ಷಗಟ್ಟಲೆ ನಿಲ್ಲುವ ಖರ್ಚು ಎಂಥ ಮನೆಗಳಿಗೆ ಸಾಧ್ಯವೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ತರಬೇತುದಾರರಾಗುವ ದಾರಿ ಇನ್ನೂ ಕಿರಿದು. ಇಂಫಾಲದ ರಾಷ್ಟ್ರೀಯ ಕ್ರೀಡಾ ವಿಶ್ವವಿದ್ಯಾಲಯ ಬಿಲ್ಲುಗಾರಿಕೆ, ಬಾಕ್ಸಿಂಗ್, ಈಜು, ಭಾರ ಎತ್ತುವಿಕೆ ಮುಂತಾದ ಕ್ರೀಡೆಗಳ ತರಬೇತಿಯಲ್ಲಿ ಬಿ.ಎಸ್ಸಿ. ಪದವಿ ರೂಪಿಸಿತು. ಆ ಪಟ್ಟಿಯಲ್ಲಿ ಅಶ್ವಾರೋಹಣ ಸೇರಲಿಲ್ಲ. ಸೇನೆಗೆ ಸೇರಿ ಕಲಿಯುವುದು ಒಂದು ದಾರಿ, ಖಾಸಗಿ ರೈಡಿಂಗ್ ಶಾಲೆಯಲ್ಲಿ ಶುಲ್ಕ ತೆತ್ತು ಕಲಿಯುವುದು ಇನ್ನೊಂದು. ಇಂಗ್ಲೆಂಡಿನಲ್ಲಾದರೆ ಇದು ಪದವಿ ತರಗತಿಯ ವಿಷಯ. ಗ್ಲಾಸ್ಟರ್‌ಶೈರಿನಲ್ಲಿ ಕೃಷಿ ಕಾಲೇಜಾಗಿ ಆರಂಭವಾದ ಹಾರ್ಟ್‌ಪುರಿ, ಕುದುರೆ ಸಂಬಂಧಿ ವ್ಯಾಸಂಗವನ್ನು ಬೆಳೆಸುತ್ತ 2018ರಲ್ಲಿ ಪೂರ್ಣ ವಿಶ್ವವಿದ್ಯಾಲಯವೇ ಆಯಿತು.

2. ಅನುಭವವೊಂದೇ ಏಕೆ ಸಾಲದು

ಒಳ್ಳೆಯ ಸವಾರರೆಲ್ಲ ಒಳ್ಳೆಯ ತರಬೇತುದಾರರಾಗುವುದಿಲ್ಲ. ಇಲ್ಲಿ ತರಬೇತುದಾರರ ಮುಂದೆ ಇಬ್ಬರು ಕ್ರೀಡಾಪಟುಗಳು ಇರುತ್ತಾರೆ. ಒಬ್ಬರು ನೋವಾದರೆ ಹೇಳುತ್ತಾರೆ, ಇನ್ನೊಂದಕ್ಕೆ ಬಾಯಿಲ್ಲ. ಕಿವಿ ಹಿಂದಕ್ಕೆ ಮಡಚಿದ್ದು, ಬಾಲ ಬೀಸುವ ರೀತಿ, ಟ್ರಾಟ್ ನಡಿಗೆಯಲ್ಲಿ ಒಂದು ಕಾಲನ್ನು ತುಸು ಹಗುರವಾಗಿ ಊರಿದ್ದು ಇವನ್ನು ಓದಲು ಬಾರದವರ ಕೈಯಲ್ಲಿ ಕುದುರೆಯೂ ಕೆಡುತ್ತದೆ, ಮಗುವೂ ಬೀಳುತ್ತದೆ.

ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೀಗಾಗಿ ಮೇವಿನಲ್ಲಾದ ಸಣ್ಣ ತಪ್ಪು ಹೊಟ್ಟೆಶೂಲೆಯಾಗಿ ಪ್ರಾಣಕ್ಕೇ ಬರಬಹುದು. ಯಾವ ಕುದುರೆಗೆ ಎಷ್ಟು ಹುಲ್ಲು, ಎಷ್ಟು ಹುರುಳಿ, ಕೆಲಸ ಮುಗಿದ ಎಷ್ಟು ಹೊತ್ತಿಗೆ ದಾಣಿ ಎಂಬುದನ್ನು ಲೆಕ್ಕ ಹಾಕಿ ಕಲಿಯಬೇಕು. ಗೊರಸು ಬೆಳೆಯುತ್ತಲೇ ಇರುವುದರಿಂದ ಐದಾರು ವಾರಕ್ಕೊಮ್ಮೆ ಲಾಳ ಬಿಚ್ಚಿ ಕತ್ತರಿಸಿ ಮತ್ತೆ ಹೊಡೆಯಬೇಕು. ಮುಂಬಯಿಯ ಮಳೆಗಾಲದಲ್ಲಿ ತೇವದ ಲಾಯದಲ್ಲಿ ನಿಂತ ಗೊರಸಿನ ಅಡಿಭಾಗ ಕೊಳೆಯುತ್ತದೆ. ಮೇ ತಿಂಗಳ ಸೆಕೆಯಲ್ಲಿ ಬೆವರಿ ಸುಸ್ತಾದ ಕುದುರೆಯನ್ನು ತಣಿಸುವ ಕ್ರಮವೇ ಬೇರೆ. ಜೀನು ಬೆನ್ನಿಗೆ ಸರಿಯಾಗಿ ಕೂತಿದೆಯೇ, ಸವಾರರ ತೂಕವನ್ನು ಈ ಕುದುರೆ ತಾಳುತ್ತದೆಯೇ, ಬಿದ್ದ ಮಗುವಿನ ತಲೆಗೆ ಪೆಟ್ಟಾಗಿದೆಯೇ ಎಂದು ಆ ಕ್ಷಣದಲ್ಲೇ ತೀರ್ಮಾನಿಸಬೇಕಾದವರೂ ತರಬೇತುದಾರರೇ.

ರೋಗ ನಿಯಂತ್ರಣವೂ ಈ ವ್ಯಾಸಂಗದ ಭಾಗವಾಗಬೇಕು. 2025ರ ಜುಲೈಯಲ್ಲಿ ಮೀರತ್‌ನ ಸೇನಾ ಪಶುವೈದ್ಯ ಕೇಂದ್ರದಲ್ಲಿರುವ ಅಶ್ವರೋಗಮುಕ್ತ ಆವರಣಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮನ್ನಣೆ ದೊರೆಯಿತು. ನಮ್ಮ ಕುದುರೆಗಳು ಹೊರದೇಶದ ಸ್ಪರ್ಧೆಗಳಿಗೆ ಹೋಗುವ ಬಾಗಿಲು ಇದರಿಂದ ತೆರೆಯುತ್ತದೆ. ಆ ಮಟ್ಟದ ಶಿಸ್ತು ತಿಳಿದ ಜನ ಪ್ರತಿಯೊಂದು ಲಾಯಕ್ಕೂ ಬೇಕಾಗುತ್ತಾರೆ.

3. ಮುಂಬಯಿಯಲ್ಲೇ ಏಕೆ

ಮಹಾಲಕ್ಷ್ಮಿ ರೇಸ್‌ಕೋರ್ಸ್ 1883ರಿಂದ ಇದೆ. ಅಮೆಚೂರ್ ರೈಡರ್ಸ್ ಕ್ಲಬ್ ನಡೆಯುವುದೂ ಅಲ್ಲಿಯೇ. ಸುಮಾರು 211 ಎಕರೆಯ ಆ ಜಾಗದಲ್ಲಿ 120 ಎಕರೆಯನ್ನು ಸಾರ್ವಜನಿಕ ಉದ್ಯಾನಕ್ಕಾಗಿ ಮಹಾನಗರಪಾಲಿಕೆಗೆ ಬಿಟ್ಟುಕೊಟ್ಟು, 91 ಎಕರೆಯನ್ನು ರೇಸ್ ನಡೆಸುವ ಟರ್ಫ್ ಕ್ಲಬ್‌ಗೆ ಉಳಿಸುವ ಒಪ್ಪಂದ 2024ರಲ್ಲಿ ಆಯಿತು. ನಗರದ ನೆಲದ ಮೇಲೆ ಕುದುರೆಗಳಿಗೆ ಜಾಗ ಉಳಿದಿರುವಾಗ ಅದರ ಒಂದಿಷ್ಟು ಪ್ರಯೋಜನ ಸಾರ್ವಜನಿಕ ಶಿಕ್ಷಣಕ್ಕೂ ದಕ್ಕಬೇಕು. ಪರೇಲಿನ ಬಾಂಬೆ ಪಶುವೈದ್ಯ ಕಾಲೇಜು 1886ರಿಂದ ನಡೆಯುತ್ತಿದೆ. 2019ರಲ್ಲಿ ಪೂರ್ಣಗೊಂಡ ಮೋನೋರೈಲು ಮಾರ್ಗ ಚೆಂಬೂರಿನಿಂದ ಹೊರಟು ಮಹಾಲಕ್ಷ್ಮಿಯ ಸನಿಹದ ಜೇಕಬ್ ಸರ್ಕಲ್‌ನಲ್ಲಿ ಮುಗಿಯುತ್ತದೆ. ಮೈದಾನ, ಪಶುವೈದ್ಯ ಕಾಲೇಜು ಎರಡೂ ಒಂದೇ ನಗರದಲ್ಲಿವೆ. ಇವನ್ನು ಒಂದು ಪಠ್ಯಕ್ರಮದಡಿ ತರುವ ಸಂಸ್ಥೆಯೊಂದು ಬೇಕು.

ಈ ನಗರದಲ್ಲಿ ಕುದುರೆಯ ಜ್ಞಾನ ಬಡವರ ಬಳಿಯೂ ಇತ್ತು, ಇದೆ. ಕುದುರೆ ಎಳೆಯುವ ಸವಾರಿ ಗಾಡಿಗಳಾದ ವಿಕ್ಟೋರಿಯಾಗಳು ಕಾನೂನುಬಾಹಿರವೆಂದು ಬಾಂಬೆ ಹೈಕೋರ್ಟ್ 2015ರ ಜೂನಿನಲ್ಲಿ ತೀರ್ಪು ನೀಡಿತು. ಕುದುರೆಗಳ ದುಃಸ್ಥಿತಿಯನ್ನು ಕಂಡು ಬಂದ ಆ ತೀರ್ಪನ್ನು ನಾವು ಗೌರವಿಸುತ್ತೇವೆ. ಆದರೆ ಗಾಡಿ ನಿಂತಾಗ, ತಲೆಮಾರುಗಳಿಂದ ಕುದುರೆಯ ಒಡನಾಟದಲ್ಲೇ ಬೆಳೆದ ಕುಟುಂಬಗಳಿಗೆ ಅದೇ ಜ್ಞಾನವನ್ನು ತಿದ್ದಿಕೊಂಡು ಮುಂದುವರಿಯುವ ಕಲಿಕೆಯ ದಾರಿ ಇರಲಿಲ್ಲ. ರೇಸ್ ಲಾಯಗಳಲ್ಲಿ ಕುದುರೆ ನೋಡಿಕೊಳ್ಳುವ ಸೈಸ್‌ಗಳಿಗೂ, ಲಾಳ ಕಟ್ಟುವವರಿಗೂ ಇಂದಿಗೂ ಅದು ಇಲ್ಲ.

ಕನ್ನಡಿಗರಾದ ನಮಗೆ ಈ ವಿಷಯ ಹೊರಗಿನದಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದ್ದು.

4. ಎದುರಾಗಬಹುದಾದ ಆಕ್ಷೇಪಗಳು

ಕುದುರೆ ಸಾಕುವ ವೆಚ್ಚ ವಿಶ್ವವಿದ್ಯಾಲಯಕ್ಕೆ ಭಾರವಾಗದೇ ಎಂದು ಕೇಳಬಹುದು. ವೈದ್ಯ ವಿದ್ಯಾರ್ಥಿ ಕಲಿಯಲು ಆಸ್ಪತ್ರೆಯನ್ನು ಕೊಂಡುಕೊಳ್ಳುವುದಿಲ್ಲ. ಹಾಗೆಯೇ ಇಲ್ಲಿಯೂ ಈಗಿರುವ ಲಾಯಗಳೊಂದಿಗೆ ಕರಾರು ಮಾಡಿಕೊಂಡರೆ ಸಾಕು.

ಕೆಲಸ ಎಲ್ಲಿದೆ ಎಂಬುದು ಎರಡನೆಯ ಪ್ರಶ್ನೆ. ರೈಡಿಂಗ್ ಶಾಲೆಗಳು, ವಸತಿ ಶಾಲೆಗಳು, ವಿಕಲಚೇತನ ಮಕ್ಕಳಿಗೆ ಸವಾರಿಯ ಮೂಲಕ ಚಿಕಿತ್ಸೆ ನೀಡುವ ಕೇಂದ್ರಗಳಿಗೆ ತರಬೇತಾದ ಜನ ಬೇಕು. 1932ರಲ್ಲಿ ಕೈಬಿಟ್ಟಿದ್ದ ಅಶ್ವದಳವನ್ನು ಮುಂಬಯಿ ಪೊಲೀಸರು 2020ರಲ್ಲಿ ಮತ್ತೆ ಕಟ್ಟಲು ಮುಂದಾದದ್ದೂ ಈ ಅಗತ್ಯವನ್ನೇ ತೋರಿಸುತ್ತದೆ.

ಹೆಣ್ಣುಮಕ್ಕಳಿಗೆ ಇದು ತಕ್ಕುದೇ ಎಂದು ನಮ್ಮ ಮನೆಗಳಲ್ಲೇ ಕೇಳಿದವರುಂಟು. ಒಲಿಂಪಿಕ್ಸ್‌ನಲ್ಲಿ ಹೆಣ್ಣು ಗಂಡು ಒಂದೇ ಸ್ಪರ್ಧೆಯಲ್ಲಿ ಸರಿಸಮವಾಗಿ ಸೆಣಸುವ ಅಪರೂಪದ ಕ್ರೀಡೆ ಇದು. ಹಾಂಗ್‌ಝೌನಲ್ಲಿ ಚಿನ್ನ ಗೆದ್ದ ನಾಲ್ವರಲ್ಲಿ ಇಬ್ಬರು ಯುವತಿಯರು.

5. ನಮ್ಮ ಬೇಡಿಕೆಗಳು

(ಅ) ಈ ಮನವಿ ತಲುಪಿದ 60 ದಿನಗಳೊಳಗೆ ಪಠ್ಯಕ್ರಮ ಸಮಿತಿ ರಚಿಸಬೇಕು. ಕ್ರೀಡಾ ವಿಜ್ಞಾನಿ, ಅಶ್ವವೈದ್ಯರು, ಈಕ್ವೆಸ್ಟ್ರಿಯನ್ ಫೆಡರೇಷನ್ ಆಫ್ ಇಂಡಿಯಾದ ಪ್ರತಿನಿಧಿ, ಮಹಿಳಾ ಸವಾರರು ಮತ್ತು ಲಾಯದಲ್ಲಿ ದುಡಿದ ಅನುಭವವಿರುವ ಸೈಸ್ ಒಬ್ಬರು ಅದರಲ್ಲಿರಬೇಕು.

(ಆ) ರಾಷ್ಟ್ರೀಯ ಶಿಕ್ಷಣ ನೀತಿ 2020ರಂತೆ ಒಂದು ವರ್ಷಕ್ಕೆ ಪ್ರಮಾಣಪತ್ರ, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂಬ ಹಂತಗಳಲ್ಲಿ ವ್ಯಾಸಂಗ ರೂಪಿಸಬೇಕು. ಮೊದಲು ಪ್ರಮಾಣಪತ್ರ ತರಗತಿಯಿಂದ ಆರಂಭಿಸಿದರೂ ನಮಗೆ ಒಪ್ಪಿಗೆ.

(ಇ) ಪ್ರವೇಶಕ್ಕೆ ಸ್ವಂತ ಕುದುರೆಯನ್ನಾಗಲಿ ಹಿಂದಿನ ಸವಾರಿ ಅನುಭವವನ್ನಾಗಲಿ ಷರತ್ತಾಗಿಸಬಾರದು. ಮೊದಲ ಸೆಮಿಸ್ಟರಿನಲ್ಲೇ ಲಾಯದ ಕೆಲಸ ಮತ್ತು ಸವಾರಿಯನ್ನು ಮೂಲದಿಂದ ಕಲಿಸಬೇಕು. ಹೆಲ್ಮೆಟ್, ಬೂಟು, ಸುರಕ್ಷಾ ಜಾಕೆಟ್‌ಗಳನ್ನು ವಿಭಾಗವೇ ಒದಗಿಸಬೇಕು.

(ಈ) ಬಡ ವಿದ್ಯಾರ್ಥಿಗಳಿಗೆ ಶುಲ್ಕ ರಿಯಾಯಿತಿ ಇರಬೇಕು, ಎಲ್ಲ ವಿದ್ಯಾರ್ಥಿಗಳಿಗೂ ಅಪಘಾತ ವಿಮೆ ಮಾಡಿಸಬೇಕು.

(ಉ) ವಿಶ್ವವಿದ್ಯಾಲಯ ಅನುದಾನ ಆಯೋಗ 2022ರಲ್ಲಿ ಹೊರಡಿಸಿದ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಮಾರ್ಗಸೂಚಿಯಡಿ ಪಳಗಿದ ತರಬೇತುದಾರರನ್ನೂ ಅಶ್ವದಳಗಳಿಂದ ನಿವೃತ್ತರಾದವರನ್ನೂ ಬೋಧಕರಾಗಿ ತೆಗೆದುಕೊಳ್ಳಬೇಕು.

(ಊ) ಸೈಸ್‌ಗಳು, ಲಾಳ ಕಟ್ಟುವವರು, ಹಳೆಯ ಗಾಡಿಗಾರರ ಕುಟುಂಬದವರು ಈಗಾಗಲೇ ಕಲಿತದ್ದನ್ನು ಪರೀಕ್ಷಿಸಿ ಕ್ರೆಡಿಟ್ ನೀಡಬೇಕು. ಅವರ ಪ್ರಾಯೋಗಿಕ ಪರೀಕ್ಷೆ ಮರಾಠಿ, ಹಿಂದಿಯಲ್ಲೂ ನಡೆಯಬೇಕು.

(ಋ) ಪಶುವೈದ್ಯ ಕಾಲೇಜು ಹಾಗೂ ರೈಡಿಂಗ್ ಸಂಸ್ಥೆಗಳೊಂದಿಗಿನ ಕರಾರಿನಲ್ಲಿ ದಿನಕ್ಕೆ ಒಂದು ಕುದುರೆ ಗರಿಷ್ಠ ಎಷ್ಟು ತಾಸು ಕೆಲಸ ಮಾಡಬೇಕು, ವಾರದಲ್ಲಿ ಅದಕ್ಕೆ ಯಾವ ದಿನ ವಿಶ್ರಾಂತಿ ಎಂಬುದನ್ನು ಬರೆದಿಡಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪಾಲನೆಯನ್ನು ಸ್ವತಂತ್ರ ಸಮಿತಿಯೊಂದು ನೋಡಿಕೊಳ್ಳಬೇಕು. ಈ ಬೇಡಿಕೆ ಈಡೇರದಿದ್ದರೆ ಉಳಿದವು ಈಡೇರಿದರೂ ನಮಗೆ ಸಮಾಧಾನವಿಲ್ಲ.

ಮೇಲಿನ ಬೇಡಿಕೆಗಳನ್ನು ವಿದ್ಯಾವಿಷಯಕ ಪರಿಷತ್ತಿನ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ, ನಮ್ಮ ನಿಯೋಗಕ್ಕೆ ಭೇಟಿಯ ಅವಕಾಶ ನೀಡಿ, ಕೈಗೊಂಡ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ. ಒಪ್ಪಲಾಗದ ಬೇಡಿಕೆಯಿದ್ದಲ್ಲಿ ಅದರ ಕಾರಣವನ್ನೂ ತಿಳಿಸಿದರೆ ತಿದ್ದಿದ ಪ್ರಸ್ತಾವದೊಂದಿಗೆ ಮತ್ತೆ ಬರಲು ನಾವು ಸಿದ್ಧರಿದ್ದೇವೆ. ಈ ಮನವಿಯ ಮರಾಠಿ ಮತ್ತು ಇಂಗ್ಲಿಷ್ ಪ್ರತಿಗಳನ್ನು ಲಗತ್ತಿಸಿದೆ.

ತಮ್ಮ ವಿಶ್ವಾಸಿಗಳು,
ಚೆಂಬೂರು ಪರಿಸರದ ಕನ್ನಡಿಗ ವಿದ್ಯಾರ್ಥಿಗಳು ಮತ್ತು ಪೋಷಕರು
(ಸಹಿಗಳ ಹಾಳೆ ಲಗತ್ತಿಸಿದೆ)

ಸ್ಥಳ: ಚೆಂಬೂರು, ಮುಂಬಯಿ – 400071

ಪ್ರತಿಗಳು:
1. ಉನ್ನತ ಮತ್ತು ತಾಂತ್ರಿಕ ಶಿಕ್ಷಣ ಇಲಾಖೆ, ಮಹಾರಾಷ್ಟ್ರ ಸರ್ಕಾರ
2. ಕ್ರೀಡೆ ಮತ್ತು ಯುವಜನ ಸೇವಾ ನಿರ್ದೇಶನಾಲಯ, ಪುಣೆ
3. ಈಕ್ವೆಸ್ಟ್ರಿಯನ್ ಫೆಡರೇಷನ್ ಆಫ್ ಇಂಡಿಯಾ, ನವದೆಹಲಿ