ಮಿಂಚಂಚೆಗೆ ಕನ್ನ: ಮುಚ್ಚಿಟ್ಟರೆ ಕಳ್ಳನಿಗೇ ಲಾಭ

ಕಾಗದ ಬರೆಯುವುದಕ್ಕೆ ಬದಲಾಗಿ ಬಂದ ಸೌಕರ್ಯವೆಂದೇ ನಾವು ಮೊದಲು ಮಿಂಚಂಚೆಯನ್ನು ಬರಮಾಡಿಕೊಂಡೆವು. ಇಂದು ಅದು ನಮ್ಮ ಸಮಸ್ತ ವ್ಯವಹಾರಗಳ ಬೀಗದ ಕೈ ಗೊಂಚಲಾಗಿದೆ. ವಿಮೆ, ಷೇರು, ತೆರಿಗೆ, ಆನ್‌ಲೈನ್ ಖರೀದಿ ಮುಂತಾದ ಅನೇಕ ಕಡೆಗಳಲ್ಲಿ ಪಾಸ್‌ವರ್ಡ್ ಮರೆತವರಿಗೆ ಹೊಸದನ್ನು ಪಡೆಯುವ ದಾರಿ ತೆರೆಯುವುದು ಮಿಂಚಂಚೆಯ ಮೂಲಕವೇ. ಆದುದರಿಂದ ಆ ಒಂದು ಖಾತೆ ಪರರ ವಶವಾದರೆ ಉಳಿದ ಬಾಗಿಲುಗಳೂ ಒಂದೊಂದಾಗಿ ತೆರೆದುಕೊಳ್ಳುತ್ತವೆ.

ಇದಕ್ಕೆ ಮಹಾ ಪಾಂಡಿತ್ಯವೇನೂ ಬೇಕಿಲ್ಲ. 2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಉಪಾಧ್ಯಕ್ಷ ಪದವಿಗೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರ ಯಾಹೂ ಖಾತೆಗೆ ಕಾಲೇಜು ವಿದ್ಯಾರ್ಥಿಯೊಬ್ಬ ಕನ್ನ ಹಾಕಿದ. ಜನ್ಮದಿನಾಂಕ, ಊರಿನ ಪಿನ್‌ಕೋಡ್, ಪತಿಯ ಪರಿಚಯವಾದ ಸ್ಥಳ ಇವಿಷ್ಟೇ ಆತನಿಗೆ ಬೇಕಾಗಿದ್ದವು. ಎಲ್ಲವೂ ಅಂತರ್ಜಾಲದಲ್ಲೇ ದೊರೆತವು. ಇನ್ನು 2013ರಲ್ಲಿ ನಡೆದ ಕಳವಿನಲ್ಲಿ ತನ್ನ ಎಲ್ಲ 300 ಕೋಟಿ ಖಾತೆಗಳೂ ಸೇರಿದ್ದವೆಂದು ಯಾಹೂ ತಿಳಿಸಿದ್ದು 2017ರ ಅಕ್ಟೋಬರಿನಲ್ಲಿ. ಎಂದರೆ, ಎಷ್ಟೇ ಎಚ್ಚರದಿಂದಿದ್ದವರಿಗೂ ಈ ಆಪತ್ತು ಬರಬಹುದು. ಹೀಗಿರುವಾಗ ನಾಚಿಕೆಪಡುವುದಕ್ಕೆ ಏನಿದೆ?

ಆದರೆ ನಮ್ಮಲ್ಲಿ ನಡೆಯುತ್ತಿರುವುದು ಅದೇ. ನಾಲ್ಕು ಜನ ಏನೆಂದುಕೊಂಡಾರೋ ಎಂಬ ಸಂಕೋಚದಿಂದ ವಿಷಯವನ್ನು ಮುಚ್ಚಿಡುತ್ತೇವೆ. ಅಷ್ಟರಲ್ಲಿ ಕಳ್ಳನು ನಮ್ಮ ಹೆಸರಿನಲ್ಲೇ ನಮ್ಮ ಬಂಧುಗಳಿಗೆ ಬರೆಯುತ್ತಾನೆ: "ಪರದೇಶದಲ್ಲಿ ಸಿಲುಕಿದ್ದೇನೆ, ಪರ್ಸ್ ಕಳೆದುಹೋಗಿದೆ, ತಕ್ಷಣ ಹಣ ಕಳಿಸಿ." ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿ, ಮಕ್ಕಳನ್ನು ಹೊರದೇಶಕ್ಕೆ ಕಳಿಸಿರುವ ನಮ್ಮ ಹಿರಿಯರು ಇಂಥ ಪತ್ರವನ್ನು ನಂಬುವುದು ಸಹಜ. ನಮ್ಮ ಮೌನದ ಬೆಲೆಯನ್ನು ಅವರು ತೆರಬೇಕಾಗುತ್ತದೆ.

ಆದುದರಿಂದ ಮೊದಲ ಕರ್ತವ್ಯ ದೂರವಾಣಿಯ ಮೂಲಕ ಆಪ್ತರನ್ನು ಎಚ್ಚರಿಸುವುದು. ಜೊತೆಜೊತೆಗೇ ಸೋಂಕಿಲ್ಲದ ಬೇರೊಂದು ಗಣಕಯಂತ್ರದಿಂದ ಪಾಸ್‌ವರ್ಡ್ ಬದಲಿಸಬೇಕು. ಉಳಿದೆಲ್ಲ ಉಪಕರಣಗಳಿಂದ ಲಾಗೌಟ್ ಮಾಡಬೇಕು. ಅನೇಕರು ಇಲ್ಲಿಗೇ ನಿಲ್ಲುತ್ತಾರೆ. ಖಾತೆಯಲ್ಲಿ ನಮೂದಾಗಿರುವ ಮೊಬೈಲ್ ಸಂಖ್ಯೆ ಮತ್ತು ಬದಲಿ ವಿಳಾಸ ನಮ್ಮವೇ ಆಗಿವೆಯೇ, ನಮಗೆ ಬರುವ ಪತ್ರಗಳ ಪ್ರತಿ ತಾನಾಗಿಯೇ ಬೇರೆಡೆಗೆ ಹೋಗುವಂತೆ ಗುಟ್ಟಾಗಿ ಏರ್ಪಾಡಾಗಿದೆಯೇ ಎಂಬುದನ್ನು ನೋಡದಿದ್ದರೆ, ಬೀಗ ಬದಲಿಸಿಯೂ ಹಿತ್ತಿಲ ಬಾಗಿಲು ತೆರೆದಿಟ್ಟಂತೆಯೇ ಸರಿ. ಕೊನೆಗೆ, ಮೊಬೈಲ್ ಅಥವಾ ಆ್ಯಪ್ ಮೂಲಕ ಎರಡನೆಯ ಹಂತದ ಪರಿಶೀಲನೆಯನ್ನು ಜಾರಿಗೊಳಿಸಬೇಕು.

ಬ್ಯಾಂಕಿನ ಉದ್ಯೋಗದಲ್ಲಿರುವ ನಾವು ಒತ್ತಿ ಹೇಳಬೇಕಾದ ಮಾತೊಂದಿದೆ: ಇಲ್ಲಿ ಸಮಯವೇ ಹಣ ಉಳಿಸುತ್ತದೆ. ಬ್ಯಾಂಕಿನದಾಗಲಿ ಗ್ರಾಹಕನದಾಗಲಿ ತಪ್ಪಿಲ್ಲದೆ ಹಣ ಹೋದಾಗ, ಬ್ಯಾಂಕಿನ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ನಷ್ಟದ ಹೊಣೆಯಿಲ್ಲವೆಂದು ರಿಸರ್ವ್ ಬ್ಯಾಂಕು 2017ರ ಜುಲೈ ತಿಂಗಳ ಸುತ್ತೋಲೆಯಲ್ಲಿ ಹೇಳಿತು. ಪಾಸ್‌ವರ್ಡನ್ನು ತಾನೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕನದು, ಆಮೇಲಿನದು ಬ್ಯಾಂಕಿನದು. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಕರೆ ಮಾಡಬೇಕು. ಪರರ ಪಾಸ್‌ವರ್ಡನ್ನು ಮೋಸದಿಂದ ಬಳಸುವವರಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಲ್ಲಿ ಮೂರು ವರ್ಷಗಳವರೆಗೆ ಸೆರೆವಾಸವೂ ಒಂದು ಲಕ್ಷ ರೂಪಾಯಿವರೆಗೆ ದಂಡವೂ ಇದೆ. ಆದರೆ ದೂರು ಕೊಡುವವರೇ ಇಲ್ಲದಿದ್ದರೆ ಕಾಯ್ದೆ ಏನು ಮಾಡೀತು?

ಮನೆಗೆ ಕಳ್ಳ ನುಗ್ಗಿದರೆ ಕೂಗಿ ನೆರೆಹೊರೆಯವರನ್ನು ಎಬ್ಬಿಸುವುದು ನಮ್ಮ ಹಿರಿಯರಿಂದ ಬಂದ ರೂಢಿ. ಪರಸ್ಥಳದಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿ ಬಾಳುತ್ತಿರುವ ಕನ್ನಡಿಗರಿಗೆ ಅದನ್ನು ನೆನಪಿಸಬೇಕಾಗಿಲ್ಲ. ಮಿಂಚಂಚೆಯ ಕಳ್ಳನ ವಿಷಯದಲ್ಲಿಯೂ ಕೂಗುವುದನ್ನು ಕಲಿಯೋಣ.